ಮನೆದೇವರ ಪಾಸ್‌ವರ್ಡ್

ನನ್ನ ಸೈಬರ್ ಸೆಂಟರಿನ ಕ್ಯಾಬಿನ್ನುಗಳನ್ನು ಸೊಂಟದ ಮಟ್ಟಕ್ಕೆ ಕುಯ್ಯಿಸಿದ್ದು ಎರಡು ಸಾವಿರದ ಎಂಟರಲ್ಲಿ. ಬಂದವರ ಹೆಸರು, ವಿಳಾಸ, ಬಂದ ಹೊತ್ತು, ಬಂದ ಕೆಲಸ ಎಲ್ಲ ರಿಜಿಸ್ಟರಿನಲ್ಲಿ ಬರೆಸಬೇಕು, ಗುರುತಿನ ಚೀಟಿಯ ಜೆರಾಕ್ಸ್ ಇಟ್ಟುಕೊಳ್ಳಬೇಕು, ಯಾರೂ ಮರೆಯಲ್ಲಿ ಕೂರಬಾರದು ಎಂದು ಠಾಣೆಯಿಂದ ಪೇದೆ ಚಿಕ್ಕಯ್ಯ ಬಂದು ಹೇಳಿದ್ದ.

"ಮೇಲಿಂದ ಆರ್ಡ್ರು ಕಣಮ್ಮ. ಟೆರರಿಸ್ಟ್‌ಗೋಳು ಬತ್ತಾರಂತೆ. ನಾನೇನ್ ಮಾಡ್ಲಿ, ನೀನೇ ಏಳು."

ಹೊಳೆನರಸೀಪುರಕ್ಕೆ, ಅದೂ ನಾಲ್ಕು ಕಂಪ್ಯೂಟರಿನ ನನ್ನ ಅಂಗಡಿಗೆ! ನಗು ಬಂತು, ಆದರೆ ನಗುವಷ್ಟು ತ್ರಾಣ ಇರಲಿಲ್ಲ.

ಈ ಆದೇಶಕ್ಕೆ ಊರಲ್ಲಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ಬ್ಯಾಂಕಿನ ವಸಿಷ್ಠ. ಅವರಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಅವರದೇ ಯಜಮಾನಿಕೆ. ಅದು ಸಾಲದೆಂದು ಊರಿಗೂ ಒಂದಿಷ್ಟು ಹಂಚುತ್ತಿದ್ದರು. "ಹೆಣ್ಣುಮಕ್ಕಳ ಸುರಕ್ಷತೆ ದೃಷ್ಟಿಯಿಂದ ಇದು ಆಗಲೇಬೇಕಿತ್ತು ನೀಲಾಂಬಿಕೆಯವರೇ. ಯಾರು ಏನು ನೋಡ್ತಿದಾರೆ ಅಂತ ನಮಗೆ ಗೊತ್ತಾಗ್ಬೇಡ್ವಾ?" ನಮಗೆ ಅಂದರೆ ಯಾರಿಗೆ ಎಂದು ಕೇಳಬೇಕೆನಿಸಿತು. ಕೇಳಿದ್ದರೆ ಇನ್ನರ್ಧ ಗಂಟೆ ಭಾಷಣ ಕೇಳಬೇಕಿತ್ತು.

ಸುರಕ್ಷತೆ ಎಂದರೆ ನಮ್ಮೂರಲ್ಲಿ ಕ್ಯಾಬಿನ್ನಿನ ಹಲಗೆಯ ಎತ್ತರ, ಅಷ್ಟೆ. ಪಾಸ್‌ವರ್ಡಿನ ಕಥೆ ಕೇಳಿದರೆ ತಲೆ ಚಚ್ಚಿಕೊಳ್ಳಬೇಕು. ಹೊಸ ಮೇಲ್ ಐಡಿ ಮಾಡಿಸಿಕೊಳ್ಳುವವರೆಲ್ಲ ಕಾಗದದ ಮೇಲೆ 'ಶ್ರೀ' ಬರೆದಂತೆ ಪಾಸ್‌ವರ್ಡಿಗೆ ಮನೆದೇವರ ಹೆಸರು ಹಾಕಿಸುತ್ತಿದ್ದರು. ಶುಭ, ಮರೆಯುವುದೂ ಇಲ್ಲ. ಕೋಟೆಯ ಕಡೆಯವರಾದರೆ ನರಸಿಂಹ, ಪೇಟೆಯ ನಮ್ಮವರಾದರೆ ವೀರಭದ್ರ. ಯಾರ ಮನೆದೇವರು ಯಾರೆಂದು ಪತ್ತೆ ಮಾಡುವ ಕಷ್ಟವೂ ಇಲ್ಲ, ಲಗ್ನಪತ್ರಿಕೆಯ ನೆತ್ತಿಯ ಮೇಲೇ ಅಚ್ಚಾಗಿರುತ್ತದೆ. ಮೊದಮೊದಲು ಬೇಡವೆಂದು ಹೇಳಿ ನೋಡಿದೆ. "ದೇವರ ಹೆಸರಿಗಿಂತ ಭದ್ರ ಯಾವುದಮ್ಮ?" ಎಂದರು. ಆಮೇಲೆ ಸಾಕಾಗಿ ನಾನೇ ಕೇಳಿ ಕೇಳಿ ಒತ್ತಿಕೊಟ್ಟೆ.

ವಸಿಷ್ಠರ ತಂಗಿ ಹಂಸಳಿಗೂ ಹಾಗೇ ಮಾಡಿಕೊಟ್ಟಿದ್ದೆ. ಇಲ್ಲೇ ಒಂದು ಸಣ್ಣ ಶಾಲೆಯಲ್ಲಿ ಲೆಕ್ಕದ ಮೇಡಂ, ಇಪ್ಪತ್ತೇಳು ವರ್ಷ. ತುಮಕೂರಿನ ಕಡೆಯ ವಸತಿಶಾಲೆಯೊಂದಕ್ಕೆ ಅರ್ಜಿ ಹಾಕಿದ್ದಳು. ಕೆಲಸದ ಜೊತೆಗೆ ಇರಲು ಒಂದು ಕೋಣೆ ಕೊಡುತ್ತಾರಂತೆ. "ಒಂದು ಕೋಣೆ ನೀಲಕ್ಕ, ಬಾಗಿಲಿರೋದು," ಎಂದಿದ್ದಳು. ಸಂದರ್ಶನದ ಕರೆ ಮೇಲ್‌ನಲ್ಲೇ ಬರಬೇಕಿತ್ತು. ದಿನಾ ಶಾಲೆ ಬಿಟ್ಟವಳೇ ಬರುವಳು, ನೋಡುವಳು, ಹೋಗುವಳು.

"ಬಂತೇನವ್ವ?"

"ಇಲ್ಲ ನೀಲಕ್ಕ."

ಹೀಗೆ ಮೂರು ವಾರ. ಒಂದು ಶನಿವಾರ ಮಧ್ಯಾಹ್ನ ಬಂದಳು. ಆ ಶಾಲೆಗೆ ಫೋನ್ ಮಾಡಿದ್ದಳಂತೆ. "ನಿಮಗೆ ಕರೆ ಕಳಿಸಿದ್ವಿ. ಬರಲ್ಲ ಅಂತ ನೀವೇ ಬರೆದ್ರಲ್ಲ, ಬೇರೆಯವರನ್ನ ತಗೊಂಡಾಯ್ತು" ಎಂದರಂತೆ.

ಇಬ್ಬರೂ ಕೂತು ಕಳಿಸಿದ ಮೇಲ್‌ಗಳನ್ನು ತೆರೆದೆವು. ಇತ್ತು. ಮನೆಯ ಪರಿಸ್ಥಿತಿಯಿಂದಾಗಿ ಬರಲಾಗುವುದಿಲ್ಲ, ಕ್ಷಮಿಸಿ ಎಂದು ಚೊಕ್ಕ ಇಂಗ್ಲಿಷಿನಲ್ಲಿ, ಕೆಳಗೆ ಇವಳ ಹೆಸರು. ಹನ್ನೆರಡನೇ ತಾರೀಕು, ಬೆಳಿಗ್ಗೆ ಹನ್ನೊಂದೂಕಾಲು. ಶಾಲೆಯವರ ಕರೆಯನ್ನು ಯಾರೋ ಅಳಿಸಿ ಹಾಕಿದ್ದರು.

"ಆಗ ನಾನು ಕ್ಲಾಸಲ್ಲಿದ್ದೆ," ಎಂದಳು. "ರಿಜಿಸ್ಟರ್ ಕೊಡಿ."

ಪೊಲೀಸರಿಗೆ ಬಿಟ್ಟು ಬೇರೆ ಯಾರಿಗೂ ಅದನ್ನು ತೋರಿಸಬಾರದೆಂಬ ನಿಯಮವಿತ್ತು. ಹಾಳಾಗಲಿ ನಿಯಮ ಎಂದು ಪುಸ್ತಕವನ್ನು ಅವಳ ಕಡೆ ತಿರುಗಿಸಿದೆ.

ಹನ್ನೆರಡನೇ ತಾರೀಕು, ಹನ್ನೊಂದು ಗಂಟೆ, ಮೂರನೇ ಕ್ಯಾಬಿನ್: ವಸಿಷ್ಠ. ಬಂದ ಕೆಲಸ: ಸ್ವಂತ. ಹಿಂದಿನ ಪುಟಗಳಲ್ಲಿ ಇನ್ನೂ ನಾಲ್ಕು ಸಲ ಅದೇ ಹೆಸರು, ದುಂಡಗಿನ ಅಕ್ಷರ, ಪೂರ್ತಿ ಸಹಿ. ಗುರುತಿನ ಚೀಟಿಯ ಜೆರಾಕ್ಸನ್ನು ಅವರೇ ಮಾಡಿಸಿ ತಂದುಕೊಟ್ಟಿದ್ದರು. ನಿಯಮ ಪಾಲಿಸುವುದರಲ್ಲಿ ಅವರನ್ನು ಬಿಟ್ಟರಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಅದೂ ಸಹಿ ಹಾಕಿ. ಅವರ ಮೇಲೆ ಎಷ್ಟು ಸಿಟ್ಟು ಬಂತೋ ನನ್ನ ಮೇಲೂ ಅಷ್ಟೇ ಬಂತು. ಆ ಪಾಸ್‌ವರ್ಡನ್ನು ಒತ್ತಿಕೊಟ್ಟವಳು ನಾನೇ ತಾನೆ?

"ಓಗಿ ಕೇಳವ್ವ ಅವ್ರನ್ನ. ನಾನೂ ಬತ್ತೀನಿ ಜೊತೇಲಿ."

"ಕೇಳಿದ್ರೆ ನಿನ್ನ ಒಳ್ಳೇದಕ್ಕೇ ಮಾಡ್ದೆ ಅಂತಾನೆ ಅಷ್ಟೆ." ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. "ಇನ್ನೊಂದು ಕಡೆ ಅರ್ಜಿ ಹಾಕ್ತೀನಿ. ಮೊದಲು ಪಾಸ್‌ವರ್ಡ್ ಬದಲಾಯಿಸೋದು ಹೇಗೆ, ಹೇಳ್ಕೊಡಿ."

ಪಾಸ್‌ವರ್ಡ್ ಬದಲಿಸುವ ಪುಟ ತೆರೆದುಕೊಟ್ಟೆ. "ದೇವ್ರ ಎಸ್ರು ಬ್ಯಾಡ. ನಿಮ್ಮಣ್ಣಂಗೆ ಗೊತ್ತಿಲ್ಲದಂತದ್ದು ಏನಾರ ಆಕು. ನಂಗೂ ಏಳ್ಬ್ಯಾಡ," ಎಂದು ಅತ್ತ ತಿರುಗಿ ನಿಂತೆ.

ಒಂದೆರಡು ಅಕ್ಷರ ಒತ್ತಿದ ಸದ್ದು, ಅಳಿಸಿದ ಸದ್ದು. ಮತ್ತೆ ಒತ್ತಿದಳು, ಮತ್ತೆ ಅಳಿಸಿದಳು. ಪಕ್ಕದ ಕ್ಯಾಬಿನ್ನಿನವರು ಎದ್ದು ಸಹಿ ಹಾಕಿ ಹೋದರು. ಹತ್ತು ನಿಮಿಷ ಕಳೆದಿರಬೇಕು.

"ನೀಲಕ್ಕ," ಎಂದಳು. "ಅಮ್ಮನ ಹೆಸರು, ನಾನು ಹುಟ್ಟಿದ ದಿನ, ಗೆಳತಿಯರು, ನನಗೆ ಇಷ್ಟವಾದ ಊರು, ಎಲ್ಲಾ ಅವನಿಗೆ ಗೊತ್ತು. ಅಣ್ಣನಿಗೆ ಗೊತ್ತಿಲ್ಲದ್ದು ನನ್ನ ಹತ್ರ ಒಂದೂ ಇಲ್ಲ."