ಒತ್ತಬಾರದ ಮಣ್ಣು

ಸುದ್ದಿ ತಿಳಿದದ್ದು ಬುಧವಾರ ಬೆಳಿಗ್ಗೆ. ಪ್ರಾರ್ಥನೆಗೆ ಕೂರುವಾಗ ಆಫ್ ಮಾಡಿದ್ದ ಫೋನನ್ನು ಹಿಂದಿನ ದಿನವೆಲ್ಲ ಮರೆತೇಬಿಟ್ಟಿದ್ದೆ. ಮತ್ತೆ ಆನ್ ಮಾಡಿದೊಡನೆ ತಂಗಿಯ ಮಗಳ ಕರೆ ಬಂತು.

"ಎಲ್ಲಿ ಹೋಗಿದ್ರಿ ಮಾವ? ಎಷ್ಟು ಸಲ ಫೋನ್ ಮಾಡೋದು! ಅಮ್ಮ ಹೋಗ್ಬಿಟ್ಲು. ನಿನ್ನೆ ಸಂಜೆನೇ ಮಣ್ಣು ಮಾಡಿದ್ವಿ."

ಒಡಹುಟ್ಟಿದವಳೆಂದು ನನಗಿದ್ದವಳು ಆ ತಂಗಿಯೊಬ್ಬಳೇ. ಒಂದು ಹಿಡಿ ಮಣ್ಣು ಹಾಕಲೂ ನಾನು ಅಲ್ಲಿರಲಿಲ್ಲ.

ವಾರದ ಮೇಲೆ ಹುಡುಗಿ ಅಮ್ಮನ ನಿಂಬೆಗಿಡವನ್ನು ತಂದು ನನ್ನ ಬಾಲ್ಕನಿಯಲ್ಲಿಟ್ಟಳು. ತಂಗಿ ಬೀಜದಿಂದ ಬೆಳೆಸಿದ ಗಿಡ. ಆರು ವರ್ಷವಾದರೂ ಒಂದು ಕಾಯಿ ಬಿಟ್ಟಿರಲಿಲ್ಲ. "ಥೇಟ್ ನಿನ್ನ ಹಾಗೇ ಅಣ್ಣಯ್ಯ, ಮುಳ್ಳಿಗೆ ಮಾತ್ರ ಬರ ಇಲ್ಲ" ಎಂದು ನಗುತ್ತಿದ್ದಳು. ಬರುವ ದಾರಿಯಲ್ಲಿ ಕುಂಡ ಒಡೆದಿತ್ತು.

"ಇದೊಂದನ್ನ ಉಳಿಸಿಕೊಡಿ ಮಾವ" ಎಂದು ಹೇಳಿ ಹುಡುಗಿ ಹೊರಟುಹೋದಳು.

ನಲವತ್ತು ವರ್ಷ ಪುಸ್ತಕಗಳಿಗೆ ರಟ್ಟು ಕಟ್ಟಿದವನು ನಾನು. ಬಿಗಿಯಾಗಿ ಒತ್ತಿದಷ್ಟೂ ಬಾಳಿಕೆ ಎಂಬುದೇ ನನಗೆ ಗೊತ್ತಿದ್ದ ವಿದ್ಯೆ. ಕಟ್ಟಡದ ಹಿಂದೆ ಜಿಗುಟು ಮಣ್ಣು ಅಗೆದು ಬಕೆಟ್ಟಿನಲ್ಲಿ ಹೊತ್ತು ತಂದೆ. ಹೊಸ ಕುಂಡದಲ್ಲಿ ಗಿಡವಿಟ್ಟು, ಮಣ್ಣು ತುಂಬಿ, ಹೆಬ್ಬೆರಳಿನಿಂದ ಸುತ್ತಲೂ ಒತ್ತಿದೆ. ಒತ್ತಿದಷ್ಟೂ ಎದೆ ಹಗುರಾಯಿತು. ಎರಡು ಹೊತ್ತೂ ನೀರೆರೆದೆ. ಆ ಹದಿನೈದು ದಿನ ನಾನು ಮಾತಾಡಿದ್ದು ಆ ಗಿಡದೊಡನೆ ಮಾತ್ರ.

ಎಲೆಗಳು ಹಳದಿಯಾದವು. ನೀರು ಇಳಿಯದೆ ಮೇಲೇ ನಿಂತಿತು. ಕುಂಡವನ್ನು ಎತ್ತಿಕೊಂಡು ಬೀದಿಯ ಕೊನೆಯ ನರ್ಸರಿಗೆ ಹೋದೆ. ನರ್ಸರಿಯಾಕೆ ಮಣ್ಣಿಗೊಂದು ಕಡ್ಡಿ ಚುಚ್ಚಿದಳು. ಕಡ್ಡಿ ಮುರಿಯಿತು.

"ಅಜ್ಜ, ಗಿಡ ನೆಟ್ಟಿದ್ದೀರೋ, ಇಲ್ಲಾ ಮಣ್ಣು ಮಾಡಿದ್ದೀರೋ?"

ನಾನು ಅಲ್ಲೇ ಗೊಬ್ಬರದ ಚೀಲದ ಮೇಲೆ ಕುಳಿತುಬಿಟ್ಟೆ. ಆಕೆ ಗಾಬರಿಯಾದಳು.

"ಅಯ್ಯೋ, ತಮಾಷೆಗೆ ಅಂದೆ ಅಜ್ಜ!"

"ಸರಿಯಾಗೇ ಅಂದೆ ತಾಯಿ. ಇದು ನನ್ನ ತಂಗಿಯ ಗಿಡ. ಅವಳ ಮಣ್ಣಿಗೆ ನಾನು ಹೋಗಲಿಲ್ಲ. ಅಲ್ಲಿ ಮಾಡಬೇಕಾದ್ದನ್ನ ಇಲ್ಲಿ ಮಾಡಿದೆ ಅಂತ ಕಾಣುತ್ತೆ."

ಆಕೆ ಕುಂಡ ಬೋರಲು ಹಾಕಿದಳು. ಅರ್ಧ ಬೇರು ಕಪ್ಪಾಗಿ ಕೊಳೆತಿತ್ತು. ಅದನ್ನು ಕತ್ತರಿಸುತ್ತ ಹೇಳಿದಳು: "ನೆಲದಲ್ಲಾದ್ರೆ ನೀರಿಗೆ ಕೆಳಗೆ ದಾರಿ ಇರುತ್ತೆ, ಎರೆಹುಳ ಇರುತ್ತೆ. ಅದೇ ಮಣ್ಣು ಕುಂಡದಲ್ಲಿ ಇಟ್ಟಿಗೆ ಆಗುತ್ತೆ. ಬೇರಿಗೂ ಉಸಿರು ಬೇಡ್ವಾ?"

ಒಂದು ಪಾಲು ಮಣ್ಣು, ಒಂದು ಪಾಲು ಎಲೆಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ, ಮೇಲಿಷ್ಟು ದಪ್ಪ ಮರಳು. ಕಲಸಿ ನನ್ನ ಕೈಗೆ ಕೊಟ್ಟಳು.

"ಹಿಡಿದ್ರೆ ಉಂಡೆ ಆಗ್ಬೇಕು, ಬೆರಳು ತಾಗಿದ್ರೆ ಬಿಟ್ಟುಕೊಳ್ಳಬೇಕು. ನೋಡಿ."

ಹಾಗೇ ಆಯಿತು.

"ಬದುಕುತ್ತಾ?"

"ಆಣೆ ಇಟ್ಟು ಹೇಳಲ್ಲ ಅಜ್ಜ. ನೀವು ಒತ್ತದೇ ಇದ್ರೆ ಬದುಕಬಹುದು. ನೀರಿನ ಚೊಂಬು ಎಲ್ಲಾದ್ರೂ ಬಚ್ಚಿಡಿ."

ಆ ಹೊಸ ಮಣ್ಣಿನಲ್ಲಿ ನೆಟ್ಟ ಗಿಡವನ್ನು ಬಾಲ್ಕನಿಗೆ ತಂದು ಅದರ ಮುಂದೆ ಕುಳಿತೆ. ಉಳಿದಿದ್ದದ್ದು ಏಳು ಎಲೆ. ಮಣ್ಣು ಸಡಿಲವಾಗಿ, ಉಬ್ಬಿಕೊಂಡಿತ್ತು. ಹೆಬ್ಬೆರಳುಗಳು ತಾವಾಗಿಯೇ ಆ ಕಡೆ ಹೋದವು. ತಡೆದು, ಎರಡೂ ಕೈಗಳನ್ನು ಜೋಡಿಸಿದೆ.

ದೇವರೇ, ಅವಳನ್ನು ಬೀಳ್ಕೊಡಲು ನಾನು ಬರಲಿಲ್ಲ. ಎದುರುಗೊಳ್ಳಲು ನೀನು ಬಂದಿರುತ್ತೀಯೆ. ಜೀವಮಾನವೆಲ್ಲ ದುಡಿದ ಜೀವ ಅದು, ಇನ್ನು ಅದಕ್ಕೆ ದಣಿವಿಲ್ಲದಿರಲಿ. ನಿನ್ನ ಮಡಿಲಿನಲ್ಲಿ ನನ್ನ ತಂಗಿ ನೆಮ್ಮದಿಯಾಗಿರಲಿ.