ಮೂಸಿ ಕೊಟ್ಟ ಬಾಟ್ಲಿ

ನನ್ನ ಮೂಗು ಸತ್ತು ನಾಲ್ಕು ವರ್ಷವಾಯಿತು. ಕೊರೋನಾ ಜ್ವರ ಬಿಟ್ಟಿತು, ಕೆಮ್ಮು ಬಿಟ್ಟಿತು, ವಾಸನೆ ಮಾತ್ರ ಮರಳಿ ಬರಲಿಲ್ಲ. ಈಗ ನನಗೆ ಮಲ್ಲಿಗೆಯೂ ಒಂದೇ, ಮೋರಿಯೂ ಒಂದೇ. ಇದನ್ನು ಯಾರಿಗೂ ಹೇಳಲಿಲ್ಲ, ವರ್ಕ್‌ಶಾಪಿನಲ್ಲಿ ನನ್ನ ಜತೆಗೇ ದುಡಿಯುವ ಮಗಳು ರಶ್ಮಿತಾಳಿಗೂ ಹೇಳಲಿಲ್ಲ. ಹೇಳುವುದಾದರೂ ಹೇಗೆ? ಬದಿಯಡ್ಕದ ಲೋಕಯ್ಯ ಎಂದರೆ ಜನ ಮೊದಲು ಹೇಳುವುದೇ ಅವನ ಮೂಗಿನ ವಿಷಯ.

ದೋಹಾದಲ್ಲಿ ಹತ್ತೊಂಬತ್ತು ವರ್ಷ ಒಬ್ಬ ಶೇಖನ ಹಳೆಯ ಅಮೆರಿಕನ್ ಕಾರುಗಳನ್ನು ನೋಡಿಕೊಂಡವನು ನಾನು. ಕ್ಯಾಡಿಲಾಕ್, ಪ್ಯಾಕಾರ್ಡ್, ಲಿಂಕನ್, ಒಂದೊಂದೂ ಒಂದು ಕೋಣೆಯಷ್ಟು ಉದ್ದ. ಬಾನೆಟ್ ಎತ್ತಿ ಒಮ್ಮೆ ಮೂಸಿದರೆ ಸಾಕು, ವೈರು ಕರಗಿದೆಯೋ, ಪೆಟ್ರೋಲು ಹಳಸಿದೆಯೋ ಹೇಳಿಬಿಡುತ್ತಿದ್ದೆ. ಊರಿಗೆ ಬಂದು ವರ್ಕ್‌ಶಾಪ್ ಹಾಕಿದ ಮೇಲೆ ಮಂಗಳೂರು, ಕೋಝಿಕ್ಕೋಡಿನಿಂದಲೂ ಗಾಡಿಗಳು ಬಂದವು. ಜತೆಗೆ ಜಂಭವೂ ಬಂತು. ಎಣ್ಣೆಗಳನ್ನು ದೊಡ್ಡ ಡಬ್ಬಿಯಲ್ಲಿ ತರಿಸಿ, ಖಾಲಿ ನೀರಿನ ಬಾಟ್ಲಿಗಳಿಗೆ ತುಂಬಿಸಿ ಇಡುವುದು ನನ್ನ ಕ್ರಮ. ನಾವು ತರಿಸುವ ಬ್ರೇಕಿನ ಎಣ್ಣೆಗೂ ಸ್ಟೇರಿಂಗಿನ ಎಣ್ಣೆಗೂ ಬಣ್ಣ ಒಂದೇ. ಚೀಟಿ ಅಂಟಿಸುವ ಎಂದು ರಶ್ಮಿತಾ ಹೇಳಿದಾಗಲೆಲ್ಲ, "ಚೀಟಿ ಅಂಟಿಸ್ಲಿಕ್ಕೆ ಇದೆಂತ ಮದ್ದಿನ ಅಂಗಡಿಯಾ ಮಾರಾಯ್ತಿ?" ಎಂದು ಬಾಯಿ ಮುಚ್ಚಿಸುತ್ತಿದ್ದೆ. ನಾನು ಮೂಸಿ ಕೊಟ್ಟ ಬಾಟ್ಲಿಯನ್ನೇ ಅವಳು ಹೊಯ್ಯಬೇಕು. ಅದು ನಮ್ಮಲ್ಲಿ ಕಾಯಿದೆ.

ಮೂಗು ಹೋದ ಮೇಲೂ ಆ ಕಾಯಿದೆ ಬದಲಾಗಲಿಲ್ಲ. ಯಾವ ಬಾಟ್ಲಿ ಎಲ್ಲಿದೆ ಎಂಬ ನೆನಪಿನ ಮೇಲೆ ನಡೆಸಿದೆ. ಬಾಟ್ಲಿಯನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, "ಹ್ಞಾ, ಇದೇ" ಎನ್ನುವ ನಾಟಕವನ್ನು ಮಾತ್ರ ಬಿಡಲಿಲ್ಲ. ಕಳೆದ ತಿಂಗಳು ಗೋಡೆಗೆ ಸುಣ್ಣ ಬಳಿಯಲು ಬಾಟ್ಲಿಗಳನ್ನೆಲ್ಲ ಇಳಿಸಿ ಮತ್ತೆ ಹಲಗೆಗೆ ಏರಿಸಿದ್ದೂ ನಾನೇ.

ಸೋಮವಾರ ಬೆಳಿಗ್ಗೆ ವಕೀಲ ಈಶ್ವರಪ್ರಸಾದರು ಬಂದರು. ಅವರ ಐವತ್ತಾರನೇ ಇಸವಿಯ ಕ್ಯಾಡಿಲಾಕನ್ನು ಎಂಟು ತಿಂಗಳು ಕೂತು ಹೊಸತರ ಹಾಗೆ ಮಾಡಿ, ಹದಿನೈದು ದಿನದ ಹಿಂದಷ್ಟೇ ಕೊಟ್ಟಿದ್ದೆವು. ಈಗ ಅದು ಕ್ರೇನಿಗೆ ನೇತುಬಿದ್ದು ಬಂತು. ನಾನು ಕೈಯಾರೆ ಉಜ್ಜಿ ಹೊಳಪು ಕೊಟ್ಟ ಬಂಪರು ಮಡಚಿಹೋಗಿತ್ತು. ಭಾನುವಾರ ವಿದ್ಯಾನಗರದಿಂದ ಬರುವಾಗ ಬ್ರೇಕು ಕಚ್ಚಿ ಹಿಡಿದು ಗಾಡಿ ಮೋರಿಯ ಕಟ್ಟೆಗೆ ಗುದ್ದಿತಂತೆ. ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ ವಸುಮತಿಯಮ್ಮನ ಕೈ ಮುರಿದಿತ್ತು.

"ಬ್ರೇಕಿನ ಕೆಲಸ ಮಾಡಿದ್ದು ಯಾರು ಲೋಕಯ್ಯ?"

"ನಾನು," ಎಂದಳು ರಶ್ಮಿತಾ.

"ಹುಡುಗಿಯ ಕೈಯಲ್ಲಿ ಬ್ರೇಕು ಮಾಡಿಸಿದ್ರಾ ನೀವು? ನಾನು ಗಾಡಿ ಕೊಟ್ಟದ್ದು ನಿಮ್ಮನ್ನು ನಂಬಿ. ನನ್ನ ಹೆಂಡತಿ ಸಾಯ್ಲಿಕ್ಕಿತ್ತು, ಗೊತ್ತುಂಟಾ!"

ಎಣ್ಣೆಯೇ ತಪ್ಪಿರಬಹುದೇ ಎಂಬ ಸಂಶಯ ಆಗಲೇ ನನ್ನ ಎದೆಯಲ್ಲಿ ಬಂದು ಕೂತಿತ್ತು. ಆದರೂ ಬಾಯಿ ಬಿಡಲಿಲ್ಲ. ಅವಳ ಕೆಲಸ ಸರಿ ಇತ್ತು ಎಂದು ಒಂದು ಮಾತು ಹೇಳಿದರೆ ಮುಂದಿನ ಪ್ರಶ್ನೆ ನನ್ನ ಕಡೆಗೆ ತಿರುಗುತ್ತಿತ್ತು. ಅವರು ಬೈದು ಮುಗಿಸಿ ಹೋಗುವವರೆಗೆ ನೆಲ ನೋಡುತ್ತಾ ನಿಂತೆ. ಹೇಡಿ ನಾನು, ಅದಕ್ಕೆ ಬೇರೆ ಹೆಸರಿಲ್ಲ.

ರಶ್ಮಿತಾ ಊಟವನ್ನೂ ಮಾಡದೆ ಬ್ರೇಕು ಬಿಚ್ಚಿದಳು. ಒಳಗಿನ ರಬ್ಬರಿನ ಬಿಲ್ಲೆಗಳನ್ನು ಹೊರತೆಗೆದು ಅಂಗೈಯಲ್ಲಿಟ್ಟು ತಂದು ತೋರಿಸಿದಳು.

"ಉಬ್ಬಿಹೋಗಿದೆ ನೋಡಿ ಅಪ್ಪ. ಇದರಲ್ಲಿ ಬ್ರೇಕಿನ ಎಣ್ಣೆಯ ವಾಸನೆಯೇ ಇಲ್ಲ. ಸ್ಟೇರಿಂಗಿನ ಎಣ್ಣೆ ಇದು, ರಬ್ಬರು ಉಬ್ಬಿ ಬ್ರೇಕು ಕಚ್ಚಿದ್ದು ಇದರಿಂದ. ನೀವು ಮೂಸಿ ಕೊಟ್ಟದ್ದಲ್ವಾ?"

"ನಾನು ಕೊಟ್ಟದ್ದು ಸರಿ ಇತ್ತು. ಹೊಯ್ಯುವಾಗ ನೀನೇ ಬಾಟ್ಲಿ ಬದಲು ಮಾಡಿದ್ದೀ."

ಅದು ಹೇಗೆ ನಾಲಿಗೆಯಿಂದ ಹೊರಟಿತೋ ದೇವರಿಗೇ ಗೊತ್ತು. ಅವಳು ಜಗಳ ಮಾಡುತ್ತಾಳೆ ಎಂದುಕೊಂಡಿದ್ದೆ. ಮಾಡಲಿಲ್ಲ. ಅಂಗೈಯ ಬಿಲ್ಲೆಗಳನ್ನು ತಿರುಗಿಸಿ ನೋಡಿ, "ಮಾಡಿರ್ಬೇಕು. ನಿಮಗೆ ತಪ್ಪುವ ಹಾಗಿಲ್ಲ," ಎಂದಳು. ನಳ್ಳಿಯ ಹತ್ತಿರ ಹೋಗಿ ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆದಳು.

"ನಾನು ಇನ್ನು ಗಾಡಿ ಮುಟ್ಟುವುದಿಲ್ಲ ಅಪ್ಪ. ಇವತ್ತು ಕೈ ಮುರಿದದ್ದು. ನಾಳೆ ಯಾರಾದ್ರೂ ಸತ್ರೆ?"

ಇಪ್ಪತ್ತಾರು ವರ್ಷದ ಹುಡುಗಿ. ಅವಳ ಕೈಯಲ್ಲಿರುವ ಕೆಲಸ ಆ ವಯಸ್ಸಿನಲ್ಲಿ ನನಗೆ ಬರುತ್ತಿರಲಿಲ್ಲ. ಅದು ಗೊತ್ತಿದ್ದೂ ನಾನು ನಿಜ ಹೇಳಲಿಲ್ಲ. ಕೈ ಒರೆಸಿಕೊಳ್ಳುತ್ತಾ ಅವಳೇ ಕೇಳಿದಳು:

"ಆ ಬಾಟ್ಲಿಯಲ್ಲಿ ಅರ್ಧ ಉಳಿದಿತ್ತಲ್ಲ, ಅದೆಲ್ಲುಂಟು? ಬಿಸಾಡ್ಬೇಕು."

ಅಯ್ಯೋ ದೇವರೇ! ಆ ಅರ್ಧವನ್ನು ಶನಿವಾರ ನಾನೊಬ್ಬನೇ ಬಾಯಾರು ಊರಿಗೆ ಹೋಗಿ, ಡಾಕ್ಟರ್ ಕೇಶವಪ್ರಸಾದರ ಪ್ಯಾಕಾರ್ಡಿನ ಬ್ರೇಕಿಗೆ ಹೊಯ್ದು ಬಂದಿದ್ದೆ. ನಾನು ಕೆಲಸ ಮಾಡುವಾಗ ಅವರ ಎರಡು ಮಕ್ಕಳು ಹಿಂದಿನ ಸೀಟಿನಲ್ಲಿ ಕುಣಿಯುತ್ತಿದ್ದರು.

"ರಶ್ಮಿ, ನೀನು ಬದಲು ಮಾಡಿದ್ದಲ್ಲ. ನನಗೆ ವಾಸನೆ ಗೊತ್ತಾಗುವುದಿಲ್ಲ."

"ಎಂತ?"

"ಕೊರೋನಾ ಜ್ವರ ಬಂದಾಗಿಂದ. ಎಂತದೂ ಗೊತ್ತಾಗುವುದಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. "ಅಂದ್ರೆ ನಾಲ್ಕು ವರ್ಷ ನೀವು ಸುಮ್ಮನೆ ಮೂಸಿದ್ದಾ? ಈಗ ನನ್ನ ಮೇಲೆ ಹಾಕಿದ್ರಲ್ಲ, ಅದೂ ಗೊತ್ತಿದ್ದೇ?"

"ಹೌದು."

ಎರಡು ಏಟು ಬಾರಿಸಿದ್ದರೂ ನನಗೆ ಸಮಾಧಾನವಾಗುತ್ತಿತ್ತು. "ಉಳಿದ ಎಣ್ಣೆ ಎಲ್ಲಿ?" ಎಂದು ಮಾತ್ರ ಕೇಳಿದಳು. ಹೇಳಿದೆ. ಮೇಜಿನ ಮೇಲಿದ್ದ ನನ್ನ ಫೋನನ್ನು ತೆಗೆದು ಕೈಗೆ ಕೊಟ್ಟಳು.

ಫೋನ್ ಎತ್ತಿದ್ದು ಡಾಕ್ಟರ ಹೆಂಡತಿ ಸೌಮ್ಯಶ್ರೀ.

"ಅಕ್ಕಾ, ಪ್ಯಾಕಾರ್ಡ್ ಎಲ್ಲುಂಟು?"

"ಶೆಡ್ಡಿನಲ್ಲೇ ಉಂಟು ಲೋಕಯ್ಯಣ್ಣ. ಸಂಜೆ ಮಕ್ಕಳನ್ನು ಕೂರಿಸಿಕೊಂಡು ಉಪ್ಪಳಕ್ಕೆ ಹೋಗುವ ಅಂತ ಇದ್ದಾರೆ. ಎಂತಕ್ಕೆ?"

ಹೋದ ಜೀವ ಬಂತು. ಅದರ ಹಿಂದೆಯೇ ಒಂದು ಸುಳ್ಳೂ ನಾಲಿಗೆಯ ತುದಿಗೆ ಬಂತು. ಸಣ್ಣದೊಂದು ಚೆಕಪ್ ಬಾಕಿ ಉಂಟು, ಇವತ್ತು ತೆಗೆಯಬೇಡಿ ಎಂದರೆ ಮುಗಿಯುತ್ತಿತ್ತು. ರಾತ್ರಿಯೊಳಗೆ ಎಣ್ಣೆ ಬದಲಿಸಿ, ರಬ್ಬರು ಹಾಕಿ, ಯಾರಿಗೂ ತಿಳಿಯದ ಹಾಗೆ ಬರಬಹುದಿತ್ತು. ರಶ್ಮಿತಾ ಎದುರಿಗೆ ಕೈ ಕಟ್ಟಿ ನಿಂತಿದ್ದಳು.

"ಗಾಡಿ ಮುಟ್ಟಬೇಡಿ ಅಕ್ಕಾ. ಬ್ರೇಕಿಗೆ ತಪ್ಪು ಎಣ್ಣೆ ಹೊಯ್ದಿದ್ದೇನೆ. ನನ್ನ ಮೂಗು ಹೋಗಿದೆ, ವಾಸನೆ ಗೊತ್ತಾಗುವುದಿಲ್ಲ. ನಿಮಗೆ ಮೊದಲೇ ಹೇಳ್ಬೇಕಿತ್ತು."

ಶೆಡ್ಡಿನ ಹತ್ತಿರ ಹೋಗಬೇಡಿ ಎಂದು ಅವರು ಮಕ್ಕಳನ್ನು ಕರೆಯುವುದು ಕೇಳಿಸಿತು.

"ಸರಿ ಮಾಡ್ಲಿಕ್ಕೆ ಮಗಳನ್ನು ಕಳಿಸಿ," ಎಂದರು ಆಮೇಲೆ. "ನೀವು ಬರುವುದು ಬೇಡ."

ಅಷ್ಟು ಮೆಲ್ಲಗೆ ಹೇಳಿದರು. ವಕೀಲರು ಕಿರುಚಿದ್ದು ಇದರ ಮುಂದೆ ಏನೂ ಅಲ್ಲ. ನಾನು ಆ ಮಾತನ್ನು ಹಾಗೆಯೇ ಮಗಳಿಗೆ ಹೇಳಿದೆ. ಅವಳು ಹೊಸ ರಬ್ಬರು, ಟೂಲ್ಸು, ಬ್ರೇಕಿನ ಎಣ್ಣೆ ಎಲ್ಲ ಜೀಪಿಗೆ ಹಾಕಿದಳು. ಎಣ್ಣೆಯನ್ನು ತಾನೇ ಎರಡು ಸಲ ಮೂಸಿ ನೋಡಿದಳು. ಸ್ಟಾರ್ಟ್ ಮಾಡಿದ ಮೇಲೆ ನನ್ನ ಕಡೆ ತಿರುಗಿದಳು.

"ನಾನು ಬರುವ ಮೊದಲು ವಕೀಲರಿಗೆ ಹೇಳಿ ಆಗಿರ್ಬೇಕು. ಇಲ್ಲದಿದ್ರೆ ನಾನು ಈ ಕಡೆ ಬರುವುದಿಲ್ಲ."

ಜೀಪು ತಿರುವಿನಲ್ಲಿ ಮರೆಯಾಯಿತು. ನಾನು ಸ್ಟೂಲಿನ ಮೇಲೆ ಕೂತು ನಂಬರು ಒತ್ತಿದೆ.

"ಇನ್ನೆಂತ ಲೋಕಯ್ಯ?" ಎಂದರು ಈಶ್ವರಪ್ರಸಾದರು. ಸ್ವರದಲ್ಲಿ ಬೆಳಗಿನ ಸಿಟ್ಟು ಹಾಗೆಯೇ ಇತ್ತು.

"ವಕೀಲರೇ, ಬೆಳಿಗ್ಗೆ ನೀವು ಬೈದದ್ದು ತಪ್ಪು ಮಾಡಿದವರಿಗಲ್ಲ," ಎಂದೆ. "ವಸುಮತಿಯಮ್ಮನ ಕೈ ಮುರಿದದ್ದು ನಾನು."