ಹದಿನೇಳನೇ ಟ್ಯೂಬು

ನಮ್ಮ ಲ್ಯಾಬಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಲ್ಯಾಬಿನವರ ರಕ್ತ ಅಧ್ಯಯನಕ್ಕೆ ಸೇರಕೂಡದು. ನಾನು ಸೇರಿದ ದಿನವೇ ರಾಜ್ಯಲಕ್ಷ್ಮಿ ಮೇಡಂ ಇದನ್ನು ಮೂರು ಸಲ ಹೇಳಿದ್ದರು, ಮೂರು ಸಲವೂ ನಾನು ತಲೆಯಾಡಿಸಿದ್ದೆ. ತಲೆಯಾಡಿಸುವುದರಲ್ಲಿ ನಾನು ಮೊದಲಿಂದಲೂ ಜಾಣೆ.

೧೯೯೬ನೇ ಇಸವಿ. ವಿಶಾಖಪಟ್ಟಣದಲ್ಲಿ ವಂಶವಾಹಿ ಸಂಶೋಧನೆಯ ಎರಡು ವರ್ಷದ ತರಬೇತಿ. ದಲಿತರ, ಆದಿವಾಸಿಗಳ, ಮೀನುಗಾರರ ಮನೆಗಳಿಂದ ಎಮ್ಮೆಸ್ಸಿ ಮುಗಿಸಿ ಬಂದವರಿಗೆ ಮಾತ್ರ. ಆರು ಜನ ಇದ್ದೆವು, ಒಬ್ಬೊಬ್ಬರಿಗೂ ಒಬ್ಬೊಬ್ಬ ಹಿರಿಯ ವಿಜ್ಞಾನಿ ಗುರು. ನನಗೆ ಮೇಡಂ ಸಿಕ್ಕರು. ನಮ್ಮಂಥವರನ್ನು ಅಂಥ ಕಟ್ಟಡಗಳೊಳಗೆ ಕಸ ಗುಡಿಸಲು ಕರೆಯುತ್ತಿದ್ದರು. ಈಕೆ ಪಿಪೆಟ್ ಕೈಗಿಟ್ಟು ಪಕ್ಕದಲ್ಲಿ ಕೂರಿಸಿಕೊಂಡರು. ಆಕೆಯ ಮೇಲೆ ನನಗೆ ಭಕ್ತಿಯೇ ಇತ್ತು, ಸುಳ್ಳೇಕೆ ಹೇಳಲಿ.

ನಾವು ನೋಡುತ್ತಿದ್ದದ್ದು ಹಂಟಿಂಗ್ಟನ್ ಎಂಬ ಕಾಯಿಲೆಯ ವಂಶವಾಹಿ. ಅದು ಬಂದವರ ಕೈಕಾಲು ತಾವಾಗಿಯೇ ಅಲ್ಲಾಡುತ್ತವೆ, ನಡಿಗೆ ತೂರಾಡುತ್ತದೆ, ಬುದ್ಧಿ ಕೆಡುತ್ತದೆ, ಹತ್ತು ಹದಿನೈದು ವರ್ಷಕ್ಕೆ ಸಾವು. ಆ ವಂಶವಾಹಿಯಲ್ಲಿ ಒಂದು ಸಣ್ಣ ತುಣುಕು ಮತ್ತೆ ಮತ್ತೆ ಬರುತ್ತದೆ. ಇಪ್ಪತ್ತು ಸಲ ಬಂದರೆ ಭಯವಿಲ್ಲ. ನಲವತ್ತು ದಾಟಿದರೆ ಕಾಯಿಲೆ ಬಂದೇ ಬರುತ್ತದೆ, ಔಷಧವಿಲ್ಲ. ಆರೋಗ್ಯವಂತರಲ್ಲಿ ಈ ಎಣಿಕೆ ಎಷ್ಟಿರುತ್ತದೆಂದು ತಿಳಿಯಲು ನಾವು ಒಬ್ಬೊಬ್ಬರೂ ನಮ್ಮ ನಮ್ಮ ಜನರಿಂದ ನಲವತ್ತು ಟ್ಯೂಬು ರಕ್ತ ತರಬೇಕಿತ್ತು.

"ನಾನು ಹೋದರೆ ಬಾಗಿಲು ಹಾಕ್ಕೋತಾರಮ್ಮಾ. ನೀನು ಹೋದರೆ ಕಾಫಿ ಕೊಡ್ತಾರೆ," ಎಂದರು ಮೇಡಂ.

ನಾನು ವಿಜಯವಾಡಕ್ಕೆ ಹೋದೆ. ಅಲ್ಲಿನ ಆಟೋನಗರದಲ್ಲಿ ಲಾರಿ ಸೀಟು ಹೊಲಿಯುವವರ ಒಂದು ಸಾಲುಮನೆ ಪೂರ್ತಿ ಕೋಲಾರದ ಕಡೆಯ ನಮ್ಮವರೇ. ಅಪ್ಪನ ಅಕ್ಕ ಪುಟ್ಟಮ್ಮತ್ತೆಯೂ ಅಲ್ಲೇ. ಅರವತ್ತೆರಡು ವಯಸ್ಸು, ಆಗಲೂ ದಪ್ಪ ರೆಕ್ಸಿನ್ನಿಗೆ ಕೈಸೂಜಿ ಹಾಕುವ ಗಟ್ಟಿ ಜೀವ. ನನ್ನನ್ನು ಮನೆಮನೆಗೂ ಮೆರವಣಿಗೆ ಮಾಡಿಸಿದಳು. "ನನ್ ತಮ್ಮನ್ ಮಗ್ಳು, ಸೈಂಟಿಸ್ಟು! ಕೈ ನೀಡ್ರೋ!" ಹದಿನಾರು ಜನ ಕೈ ನೀಡಿದರು. ಹದಿನೇಳನೆಯವಳು ಅತ್ತೆಯೇ. ಟ್ಯೂಬಿಗೆ ನಂಬರು ಅಂಟಿಸಿ, ರಿಜಿಸ್ಟರಿನಲ್ಲಿ ಹೆಣ್ಣು, ಅರವತ್ತೆರಡು, ಆರೋಗ್ಯವಂತೆ ಎಂದು ಬರೆದು ಸಿರಿಂಜು ತೆಗೆದರೆ, ಅವಳು ಒಳಕೋಣೆಗೆ ಸರಿದುಬಿಟ್ಟಳು.

"ನಂಗ್ ಬ್ಯಾಡಮ್ಮೋ. ನಿಮ್ಮಪ್ಪಂಗೂ ಹಿಂಗೇ ಚುಚ್ಚಿದ್ರು. ಕುಡ್ದವ್ನಾ ನೋಡ್ತೀವಿ ಅಂತ ಮೂರು ಕಿತ ರಕ್ತ ತಗಂಡ್ರು, ಆಮ್ಯಾಕೆ ಕೆಲ್ಸದಿಂದ ಓಡ್ಸುದ್ರು. ನನ್ ತಮ್ಮ ಕುಡೀತಿರ್ಲಿಲ್ಲ ಕಣೇ."

ಈ ಮಾತನ್ನು ಅತ್ತೆ ಹದಿನಾಲ್ಕು ವರ್ಷದಿಂದ ಹೇಳುತ್ತಲೇ ಇದ್ದಳು, ಯಾರೂ ನಂಬಿರಲಿಲ್ಲ. ಅಪ್ಪ ವಿಶಾಖಪಟ್ಟಣದ ಹಡಗು ರಿಪೇರಿ ಕಂಪನಿಯೊಂದರ ಕ್ಯಾಂಟೀನಿನಲ್ಲಿ ಅಡುಗೆಯವನಾಗಿದ್ದ. ಸಾರಿನ ಪಾತ್ರೆ ಕೈಬಿಡುತ್ತಿದ್ದ, ರಸ್ತೆಯಲ್ಲಿ ತೂರಾಡುತ್ತಿದ್ದ. ಸ್ಕೂಲಿಗೆ ಬಿಡಲು ಬಂದರೆ ನಾನು ಇಪ್ಪತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದೆ, ಅವನು ಯಾರೋ ಎನ್ನುವಂತೆ. ಮೂವತ್ತೆಂಟಕ್ಕೆ ಹಡಗು ನಿಲ್ಲುವ ಜೆಟ್ಟಿಯ ಮೆಟ್ಟಿಲಿಂದ ಜಾರಿ ನೀರಿಗೆ ಬಿದ್ದು ಸತ್ತ. ಅಷ್ಟು ಓದಿದವಳಿಗೆ ಹೊಳೆಯಲಿಲ್ಲವೇ ಎಂದು ನೀವು ಕೇಳಬಹುದು. ಅಪ್ಪ ಕುಡುಕನೆಂದು ನಾನು ಹತ್ತನೇ ವಯಸ್ಸಿಗೇ ತೀರ್ಮಾನಿಸಿ ಕೂತಿದ್ದೆ. ಆ ತೀರ್ಮಾನವನ್ನು ಮತ್ತೆ ಬಿಚ್ಚಿ ನೋಡಿರಲಿಲ್ಲ.

ಹೊರಗೆ ಇನ್ನೂ ಇಪ್ಪತ್ತಮೂರು ಜನ ಕಾಯುತ್ತಿದ್ದರು. ಸ್ವಂತ ಅತ್ತೆಯೇ ಕೊಡಲಿಲ್ಲವೆಂದರೆ ಒಬ್ಬರೂ ಕೊಡುವುದಿಲ್ಲ. ಬಾಗಿಲು ಮುಂದೆ ಮಾಡಿದೆ. ರಬ್ಬರ್ ಪಟ್ಟಿಯನ್ನು ಹಲ್ಲಲ್ಲಿ ಕಚ್ಚಿ ಎಳೆದು ನನ್ನ ತೋಳಿಗೇ ಕಟ್ಟಿಕೊಂಡು, ನನ್ನ ರಕ್ತವನ್ನೇ ಹದಿನೇಳನೇ ಟ್ಯೂಬಿಗೆ ತುಂಬಿದೆ. ಅತ್ತೆ ಬಾಯಿಗೆ ಸೆರಗು ಹಿಡಿದು ನೋಡುತ್ತಿದ್ದಳು. ಅವಳ ಮೊಣಕೈಗೆ ಹತ್ತಿ ಒತ್ತಿ ಕೈ ಮಡಿಸಿದೆ. ಅವಳು ಹಾಗೆಯೇ ಹೊರಗೆ ಹೋಗಿ, "ಇರುವೆ ಕಚ್ದಂಗೆ, ಅಷ್ಟೇ," ಎಂದು ಎಲ್ಲರಿಗೂ ಹೇಳಿದಳು. ಇಬ್ಬರೂ ನಕ್ಕೆವು.

ಏಳು ವಾರಗಳ ನಂತರ ಎಕ್ಸ್‌ರೇ ಫಿಲ್ಮು ತೊಳೆದು ಬೆಳಕಿಗೆ ಹಿಡಿದಾಗ ಎಲ್ಲರ ಗೆರೆಗಳೂ ಕೆಳಗೆ ಒಂದೇ ಮಟ್ಟದಲ್ಲಿದ್ದವು. ಎಣಿಕೆ ಹೆಚ್ಚಿದ್ದಷ್ಟೂ ಗೆರೆ ಮೇಲಕ್ಕಿರುತ್ತದೆ. ಹದಿನೇಳನೆಯದರಲ್ಲಿ ಮಾತ್ರ ಒಂದು ಗೆರೆ ಒಂಟಿಯಾಗಿ ಮೇಲೆ ನಿಂತಿತ್ತು. ಮೇಡಂ ಎಣಿಸಿದರು. ಮತ್ತೊಮ್ಮೆ ಎಣಿಸಿದರು.

"ನಲವತ್ತಾರು!" ಅವರ ಧ್ವನಿ ಏರಿತು. "ಅರವತ್ತೆರಡು ವರ್ಷದ ಹೆಂಗಸು, ಆರೋಗ್ಯವಾಗಿದ್ದಾಳೆ ಅಂತ ಬರೆದಿದ್ದೀಯ. ಹೇಗಮ್ಮಾ ಇದು? ಏನೋ ಅವಳನ್ನ ಕಾಪಾಡ್ತಾ ಇದೆ. ಅದು ಏನು ಅಂತ ಸಿಕ್ಕರೆ ಔಷಧಿಗೇ ದಾರಿ ಆಗತ್ತೆ. ಸೋಮವಾರ ಹೋಗೋಣ, ಮತ್ತೆ ರಕ್ತ ತಗೊಳ್ಳೋಣ."

ನಾನು ತಲೆಯಾಡಿಸಿದೆ.

ಬಾಯಿ ಬಿಡಲು ನಾಲ್ಕು ದಿನ ಸಮಯವಿತ್ತು, ಬಿಡಲಿಲ್ಲ. ರೈಲಿನಲ್ಲಿ ಮೇಡಂ ಬರೆಯಬೇಕಾದ ಪ್ರಬಂಧದ ಬಗ್ಗೆ ಹೇಳುತ್ತಲೇ ಇದ್ದರು, ಅದರಲ್ಲಿ ನನ್ನ ಹೆಸರೇ ಮೊದಲು ಬರಬೇಕಂತೆ. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ. ಸುಮ್ಮನಿದ್ದರೆ ಸಾಕಿತ್ತು. ಅತ್ತೆಯ ರಕ್ತದಲ್ಲಿ ಏನೂ ಇರುವುದಿಲ್ಲ, ಹದಿನೇಳನೇ ಟ್ಯೂಬು ಎಲ್ಲೋ ಅದಲುಬದಲಾಗಿದೆ ಎಂದು ಬರೆದು ಬಿಸಾಡುತ್ತಾರೆ, ಯಾರಿಗೂ ತಿಳಿಯುವುದಿಲ್ಲ. ನನ್ನನ್ನು ಬಿಟ್ಟು.

ಆಟೋನಗರದಲ್ಲಿ ಮೇಡಂ ಚಾಪೆಯ ಮೇಲೆ ಕೂತು ಅತ್ತೆಯ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ತೆಲುಗಿನಲ್ಲಿ ಮೆಲ್ಲಗೆ ಕೇಳಿದರು: "ನಿಮ್ಮ ಮನೇಲಿ ಯಾರಿಗಾದರೂ ಕೈ ನಡುಗೋದು, ತೂರಾಡೋದು ಇತ್ತಾ ಅಮ್ಮಾ?"

ಹದಿನಾಲ್ಕು ವರ್ಷದಲ್ಲಿ ಅತ್ತೆಯನ್ನು ಯಾರಾದರೂ ಈ ಪ್ರಶ್ನೆ ಕೇಳಿದ್ದು ಅದೇ ಮೊದಲು. ಅವಳು ತೆಲುಗಿನಲ್ಲೇ ಎಲ್ಲವನ್ನೂ ಹೇಳಿದಳು. ತಮ್ಮನ ಕೈಯಿಂದ ಪಾತ್ರೆ ಜಾರಿದ್ದು, ನಡೆಯುವಾಗ ಗೋಡೆ ಹಿಡಿದದ್ದು, ಜೆಟ್ಟಿ. "ಊರೆಲ್ಲ ಕುಡುಕ ಅಂತು. ಇವಳೂ ಅಂದಳು," ಎಂದು ನನ್ನ ಕಡೆ ನೋಡಿದಳು.

ಮೇಡಂ ತಿರುಗಿದರು. "ಇವರು ಹೇಳ್ತಿರೋದು ನಿನ್ನ ತಂದೆ ವಿಷಯಾನಾ?"

"ಹೌದು."

ಅವರ ಮುಖದಲ್ಲಿದ್ದ ಉತ್ಸಾಹ ಆರಿಹೋಯಿತು. ಸಿರಿಂಜನ್ನು ಕೆಳಗಿಟ್ಟರು. ಮಗುವಿಗೆ ಹೇಳುವಂತೆ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು: "ಮಂಗಳಾ, ನಿನಗೆ ಬಂದಿರಲೇಬೇಕು ಅಂತಿಲ್ಲ. ಅರ್ಧಕ್ಕರ್ಧ ಸಾಧ್ಯತೆ ಅಷ್ಟೇ. ನೀನು ಟೆಸ್ಟ್ ಮಾಡಿಸ್ಕೋಬೇಕು ಅಂತಾನೂ ಇಲ್ಲ."

"ಮಾಡಿ ಆಗಿದೆ ಮೇಡಂ," ಎಂದೆ. "ಹದಿನೇಳು ನಾನೇ."

ಪಕ್ಕದ ಶೆಡ್ಡಿನಲ್ಲಿ ಯಾರೋ ತಗಡು ಬಡಿಯುತ್ತಿದ್ದರು. ಮೇಡಂ ನನ್ನನ್ನು ಬಯ್ಯಲಿಲ್ಲ. ಅವರ ಕಣ್ಣು ನನ್ನ ಕೈಗಳ ಮೇಲಿಳಿದು ಅಲ್ಲೇ ನಿಂತಿತು. ನಾನು ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡೆ.

ಅತ್ತೆಗೆ ಇಂಗ್ಲಿಷು ಅರ್ಥವಾಗಿರಲಿಲ್ಲ. "ಏನಂತೆ? ಏನಂತಾರೆ ನಿಮ್ ಮೇಡಮ್ಮು?" ಎಂದು ನನ್ನ ಗದ್ದ ಹಿಡಿದಳು.

"ಅಪ್ಪ ಕುಡೀತಿರಲಿಲ್ಲ ಅತ್ತೆ," ಎಂದೆ. "ಅದು ಕಾಯಿಲೆ. ಟೆಸ್ಟಿನಲ್ಲಿ ಗೊತ್ತಾಯ್ತು."

ಅತ್ತೆ ಗಳಗಳ ಅತ್ತುಬಿಟ್ಟಳು. ನನ್ನ ಕೆನ್ನೆ ಸವರಿ ನೆಟಿಕೆ ಮುರಿದಳು. ಆಮೇಲೆ ಎದ್ದು, ಸೆರಗಲ್ಲಿ ಮುಖ ಒರೆಸಿಕೊಂಡು ಬೀದಿಗೆ ಓಡಿದಳು. ಒಂದೊಂದು ಮನೆಯ ಬಾಗಿಲೂ ತಟ್ಟುವುದು ನಮಗೆ ಒಳಗೆ ಕೇಳಿಸುತ್ತಿತ್ತು.

"ಕೇಳುದ್ರಾ? ನನ್ ತಮ್ಮ ಕುಡೀತಿರ್ಲಿಲ್ಲ! ಅವ್ನ ಮಗ್ಳೇ ಕಂಡುಹಿಡ್ದವ್ಳೆ!"